ವಸ್ತ್ರದಾನವೂ ಪರಿಗ್ರಹ ಪರಿಮಾಣವೂ

ದಾನವು ಶ್ರಾವಕನ ಷಟ್ಕರ್ಮಗಳಲ್ಲಿ ಒಂದೆಂಬುದನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳ ಹೆಸರು ಕರ್ನಾಟಕದ ಜೈನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ನಾಲ್ಕರಲ್ಲಿ ಆನಂದಪಡುವವನು ಎಂಬುದು ಹಿಂದಿನ ಕಾಲದಲ್ಲಿ ಗೃಹಸ್ಥನಿಗೆ ದೊಡ್ಡ ಬಿರುದಾಗಿತ್ತು. ಆದರೆ ನಲವತ್ತು ವರ್ಷಗಳಿಂದ ಜವಳಿ ಅಂಗಡಿಯ ಗದ್ದುಗೆಯ ಮೇಲೆ ಕುಳಿತು ಬಟ್ಟೆಯನ್ನು ಅಳೆದು ಕೊಡುತ್ತಿರುವ ನನಗೆ ಒಂದು ಸಂದೇಹ ಬಹುಕಾಲದಿಂದ ಕಾಡುತ್ತಿತ್ತು. ಅನ್ನದಷ್ಟೇ ಅವಶ್ಯಕವಾದ ವಸ್ತ್ರಕ್ಕೆ ಈ ನಾಲ್ಕರಲ್ಲಿ ಸ್ಥಾನವೇಕಿಲ್ಲ? ಬಟ್ಟೆ ಕೊಡುವುದು ದಾನವಲ್ಲವೇ?

ವಿದ್ವಾಂಸರನ್ನು ಕೇಳಿದರೆ ಸಮಾಧಾನ ಸುಲಭವಾಗಿ ದೊರೆಯುತ್ತದೆ. ದಾನಕ್ಕೆ ಉತ್ತಮ ಪಾತ್ರರಾದ ದಿಗಂಬರ ಮುನಿಗಳಿಗೆ ವಸ್ತ್ರದ ಅಗತ್ಯವೇ ಇಲ್ಲ. ಆದುದರಿಂದ ಪಾತ್ರದಾನದ ಪಟ್ಟಿಯಲ್ಲಿ ಅದು ಸೇರಲಿಲ್ಲ. ಮಾತು ಸರಿಯೇ. ಆದರೆ ಪುಷ್ಯಮಾಸದ ಬೆಳಗಿನ ಜಾವ ಹೇಮಾವತಿಯ ಮೇಲಿನ ಮಂಜು ಹೊಳೆನರಸೀಪುರದ ಬೀದಿಗಳಿಗೆ ಇಳಿದಾಗ, ತೆಳ್ಳನೆಯ ಸೀರೆಯ ಸೆರಗನ್ನೇ ಮಗುವಿಗೆ ಹೊದಿಸಿಕೊಂಡು ಕೂಲಿಯ ಟ್ರಾಕ್ಟರಿಗಾಗಿ ಕಾಯುವ ತಾಯಿಗೆ ಈ ಸಮಾಧಾನದಿಂದ ಏನು ಪ್ರಯೋಜನ? ಅವಳ ವಿಷಯದಲ್ಲಿ ಗೃಹಸ್ಥನಾದ ನನ್ನ ಧರ್ಮವೇನು? ಈ ಪ್ರಶ್ನೆಗೆ ನಾನು ಉತ್ತರವನ್ನು ಮೊದಲು ಗ್ರಂಥದಲ್ಲಿ ಕಂಡವನಲ್ಲ. ನನ್ನದೇ ಒಂದು ತಪ್ಪಿನಲ್ಲಿ ಕಂಡೆ. ಅದನ್ನು ಹೇಳಿಯೇ ಮುಂದುವರಿಯುವುದು ಪ್ರಾಮಾಣಿಕತೆ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಮಹಾವೀರ ಜಯಂತಿಯ ಅಂಗವಾಗಿ ನಾವು ಕೆಲವರು ಸೇರಿ ವಸ್ತ್ರ ವಿತರಣೆಯ ಕಾರ್ಯಕ್ರಮ ಇಟ್ಟುಕೊಂಡೆವು. ಮನೆಮನೆಗೆ ಹೋಗಿ ಹಳೆಯ ಬಟ್ಟೆ ಸಂಗ್ರಹಿಸಿದೆವು. ಬಂದ ಗಂಟುಗಳನ್ನು ಬಿಚ್ಚಿ ನೋಡುವಷ್ಟು ವ್ಯವಧಾನ ನಮಗಿರಲಿಲ್ಲ. ಗಂಡಸರದು, ಹೆಂಗಸರದು, ಮಕ್ಕಳದು ಎಂದು ಮೂರು ರಾಶಿ ಮಾಡಿದೆವು, ಅಷ್ಟೇ. ಲೆಕ್ಕಪತ್ರದ ಹೊಣೆ ನನ್ನದಾಗಿತ್ತು. ಬಿ.ಕಾಂ. ಓದಿದವನೆಂಬ ಹೆಮ್ಮೆಯಿಂದ ಎಷ್ಟು ಮಂದಿಗೆ ಎಷ್ಟು ಉಡುಪು ಎಂದು ಚೊಕ್ಕಟವಾಗಿ ಬರೆದೆ. ಸಾಲಿನಲ್ಲಿ ನಿಂತವರಿಗೆ ವೇದಿಕೆಯ ಮೇಲಿನ ಗಣ್ಯರು ಒಂದೊಂದು ಕಟ್ಟು ಕೊಟ್ಟರು, ಛಾಯಾಚಿತ್ರ ತೆಗೆಸಿದೆವು.

ಸಂಜೆ ಬಾಗಿಲು ಹಾಕುವಾಗ ಮಂಟಪದ ಮೆಟ್ಟಿಲ ಮೇಲೆ ಒಂದು ಕಟ್ಟು ಕಂಡಿತು. ಯಾರೋ ಮರೆತು ಹೋಗಿರಬೇಕೆಂದು ಬಿಚ್ಚಿದೆ. ಎರಡು ಗುಂಡಿ ಇಲ್ಲದ ಒಂದು ದೊಡ್ಡ ಗಂಡಸಿನ ಅಂಗಿ, ಅಂಚು ಹರಿದ ಒಂದು ರೇಷ್ಮೆ ರವಿಕೆ, ಒಂದು ಉಣ್ಣೆಯ ಸ್ವೆಟರು. ಮೂರನ್ನೂ ಅಚ್ಚುಕಟ್ಟಾಗಿ ಮಡಿಸಿ, ಅದೇ ದಾರದಿಂದ ಮತ್ತೆ ಕಟ್ಟಿ ಇಡಲಾಗಿತ್ತು. ಮುಂದಿನ ವಾರ ಆ ಕಟ್ಟು ಪಡೆದಿದ್ದ ಹೆಣ್ಣುಮಗಳು ನನ್ನ ಅಂಗಡಿಗೇ ಬಂದಳು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆ ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ ಕೂಲಿ ಮಾಡುತ್ತಿದ್ದವಳು, ನಮ್ಮೂರಿನಲ್ಲಿ ತವರು. ಏಳೆಂಟು ವರ್ಷದ ಮಗನಿಗೆ ಒಂದು ಅಂಗಿ ಬೇಕೆಂದಳು. ಬೆಲೆ ಕೇಳಿ, ಸ್ವಲ್ಪ ಹಣ ಕೊಟ್ಟು, ಉಳಿದದ್ದನ್ನು ಎರಡು ಸಂತೆಯಲ್ಲಿ ತೀರಿಸುತ್ತೇನೆಂದಳು. ನನಗೆ ತಡೆಯಲಾಗಲಿಲ್ಲ.

“ಯಾಕಮ್ಮ, ಅವತ್ತು ಕೊಟ್ಟ ಬಟ್ಟೆ ಅಲ್ಲೇ ಬಿಟ್ಟು ಹೋದೆಯಲ್ಲ?” ಎಂದು ಕೇಳಿದೆ. ನನ್ನ ಧ್ವನಿಯಲ್ಲಿ ತುಸು ಕೋಪವೂ ಇದ್ದಿರಬೇಕು.

“ಬೇಜಾರು ಮಾಡ್ಕೋಬೇಡಿ ಯಜಮಾನ್ರೆ. ಅದರಲ್ಲಿ ನನ್ನ ಮಗನಿಗೆ ಆಗೋದು ಒಂದೂ ಇರಲಿಲ್ಲ. ನಾನು ತಗೊಂಡು ಹೋದ್ರೆ ಮೂಲೇಲಿ ಬಿದ್ದಿರುತ್ತೆ. ಇಲ್ಲಿದ್ರೆ ಆಗೋರಿಗೆ ಆಗುತ್ತೆ ಅಂತ ಇಟ್ಟು ಬಂದೆ” ಎಂದಳು.

ಹೇಳಿದಂತೆಯೇ ಎರಡು ಸಂತೆಯಲ್ಲಿ ಬಾಕಿ ತೀರಿಸಿದಳು. ಆ ಲೆಕ್ಕ ಮುಗಿಯಿತು. ನನ್ನ ಲೆಕ್ಕ ಮುಗಿಯಲಿಲ್ಲ. ನಮ್ಮ ಮನೆಯ ಬೀರುವಿನಲ್ಲಿ ಮೂಲೆ ಸೇರಿದ್ದ ಬಟ್ಟೆಯನ್ನು ನಾವು ಹೊರಗೆ ಹಾಕಿ ಅದಕ್ಕೆ ದಾನವೆಂದು ಹೆಸರಿಟ್ಟಿದ್ದೆವು. ತನಗೆ ಉಪಯೋಗವಿಲ್ಲದ್ದು ತನ್ನ ಬಳಿ ಇರಬಾರದು, ಉಪಯೋಗವಿದ್ದವರಿಗೆ ಸಲ್ಲಬೇಕು ಎಂಬ ವಿವೇಕದಿಂದ ಅದನ್ನು ಮೆಟ್ಟಿಲ ಮೇಲೆ ಮಡಿಸಿಟ್ಟವಳು ಅವಳು. ಅಂದು ಆ ಮಂಟಪದಲ್ಲಿ ಪರಿಗ್ರಹ ಪರಿಮಾಣ ವ್ರತವನ್ನು ಆಚರಿಸಿದವರು ಯಾರು, ವೇದಿಕೆಯ ಮೇಲಿದ್ದ ನಾವೋ, ಸಾಲಿನಲ್ಲಿದ್ದ ಅವಳೋ?

ಈ ಪ್ರಸಂಗದ ನಂತರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ನಾನು ಬೇರೆಯೇ ದೃಷ್ಟಿಯಿಂದ ಓದತೊಡಗಿದೆ. ವಸ್ತ್ರದ ಮಾತು ಆ ಅಧ್ಯಾಯದಲ್ಲಿ ಇದ್ದೇ ಇದೆ. ನಾವು ಹುಡುಕುವ ಸ್ಥಳದಲ್ಲಿ ಇಲ್ಲ. ಐದನೆಯ ಅಣುವ್ರತಕ್ಕೆ ಬರುವ ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿಗಳು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳ ಜೊತೆಗೆ ‘ಕುಪ್ಯ’ ಎಂಬ ಒಂದು ಪದವನ್ನು ಸೇರಿಸಿದ್ದಾರೆ. ಅದಕ್ಕೆ ಟೀಕೆ ಬರೆದ ಪೂಜ್ಯಪಾದರು ಹತ್ತಿ, ರೇಷ್ಮೆಯ ವಸ್ತ್ರ ಮುಂತಾದವು ಕುಪ್ಯವೆಂದು ವಿವರಿಸುತ್ತಾರೆ. ಬಾಹ್ಯ ಪರಿಗ್ರಹಗಳನ್ನು ಹತ್ತೆಂದು ಎಣಿಸುವ ಕ್ರಮದಲ್ಲಿ ಕುಪ್ಯದ ಪಕ್ಕದಲ್ಲಿಯೇ ‘ಭಾಂಡ’ ಬರುತ್ತದೆ. ಅಂದರೆ ಪಾತ್ರೆ ಪದಾರ್ಥ. ಹೀಗೆ ಬಟ್ಟೆ ಮತ್ತು ಪಾತ್ರೆಗಳನ್ನು ನಮ್ಮ ಆಚಾರ್ಯರು ದಾನದ ಖಾತೆಯಲ್ಲಿ ಬರೆಯುವುದಕ್ಕೆ ಮೊದಲು ಪರಿಗ್ರಹದ ಖಾತೆಯಲ್ಲಿ ಬರೆದಿದ್ದಾರೆ. ವರ್ತಕನ ಭಾಷೆಯಲ್ಲಿ ಹೇಳುವುದಾದರೆ, ಮೊದಲು ದಾಸ್ತಾನು ನೋಡು, ಆಮೇಲೆ ಜಮಾ ಖರ್ಚು ಬರೆ ಎಂಬುದು ಅವರ ಅಭಿಪ್ರಾಯ. ಮಿತಿಯನ್ನು ಗೊತ್ತುಮಾಡಿಕೊಳ್ಳದವನು ಮಿತಿಮೀರಿದ್ದನ್ನು ಹೊರಹಾಕಿದರೆ ಅದು ಜಾಗ ಖಾಲಿ ಮಾಡಿದಂತೆ; ಮುಂದಿನ ಹಬ್ಬಕ್ಕೆ ಮತ್ತೆ ತುಂಬಲು ಅನುಕೂಲವಾಯಿತು, ಅಷ್ಟೇ.

ಅದೇ ಅಧ್ಯಾಯದ ಕೊನೆಯಲ್ಲಿ ದಾನದ ಲಕ್ಷಣವಿದೆ. ತನಗೂ ಪರರಿಗೂ ಉಪಕಾರವಾಗುವಂತೆ ತನ್ನದನ್ನು ಬಿಟ್ಟುಕೊಡುವುದು ದಾನ. ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವವನು, ಪಡೆಯುವವನು ಈ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ವಿಶೇಷವುಂಟು ಎಂಬುದು ಅದರ ತಾತ್ಪರ್ಯ. ನಾಲ್ಕರಲ್ಲಿ ವಿಧಿಯನ್ನೇ ಮೊದಲು ಹೇಳಿರುವುದನ್ನು ಗಮನಿಸಬೇಕು. ಅತಿಥಿ ಸಂವಿಭಾಗ ವ್ರತದ ಅತಿಚಾರಗಳಲ್ಲಿ ಮಾತ್ಸರ್ಯ, ಕಾಲಾತಿಕ್ರಮ ಎಂಬ ಎರಡಿವೆ. ಕೊಡುತ್ತಿದ್ದರೂ ಆದರವಿಲ್ಲದಿರುವುದು, ಇನ್ನೊಬ್ಬ ದಾನಿಯ ಗುಣವನ್ನು ಸಹಿಸದಿರುವುದು ಮಾತ್ಸರ್ಯ; ಹೊತ್ತು ಮೀರಿ ಕೊಡುವುದು ಕಾಲಾತಿಕ್ರಮ. ಮುನಿಗಳಿಗೆ ಆಹಾರ ಕೊಡುವ ಸಂದರ್ಭಕ್ಕೆ ಹೇಳಿದ ಮಾತುಗಳಿವು ಎಂಬುದು ನಿಜ. ಆದರೆ ಚಳಿಗಾಲವೆಲ್ಲ ಕಳೆದ ಮೇಲೆ ಚೈತ್ರದ ಬಿಸಿಲಿನಲ್ಲಿ ಸ್ವೆಟರು ಹಂಚಿದ ನಮಗೆ ಅವು ಅನ್ವಯಿಸುವುದಿಲ್ಲವೆಂದು ಯಾವ ಮುಖದಿಂದ ಹೇಳುವುದು?

ಈಗ ನಮ್ಮ ಸೀಮೆಯ ಸ್ಥಿತಿಯನ್ನು ನೋಡೋಣ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳಲ್ಲಿ ಕೈ ಬಿಗಿಯಾದ ಒಂದು ಸಂಸಾರವು ಉಡಲು ಹೊದೆಯಲು, ಬೇಯಿಸಿ ಬಡಿಸಲು ಬೇಕಾದುದನ್ನು ಹೇಗೆ ಹೊಂದಿಸಿಕೊಳ್ಳುತ್ತದೆ? ದಾನ ಮಾಡಹೊರಟವರು ಮೊದಲು ತಿಳಿಯಬೇಕಾದದ್ದು ಇದು. ಬಡವರು ನಮ್ಮ ದಾನಕ್ಕಾಗಿ ಕೈಕಟ್ಟಿ ಕಾದು ಕುಳಿತಿಲ್ಲ. ಅವರಿಗೆ ಅವರದೇ ದಾರಿಗಳಿವೆ.

ಮೊದಲನೆಯದು ಸಂತೆ. ಟಾರ್ಪಾಲಿನ ಮೇಲೆ ರಾಶಿ ಹಾಕಿದ ಬಟ್ಟೆಯಲ್ಲಿ ತಾಯಂದಿರು ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು, ಹೊಲಿಗೆ ಎಳೆದು ನೋಡಿ, ಚೌಕಾಸಿ ಮಾಡಿ ಕೊಳ್ಳುತ್ತಾರೆ. ಎರಡನೆಯದು ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸರ ವ್ಯಾಪಾರ. ತಲೆಯ ಮೇಲೆ ಸ್ಟೀಲು ಪಾತ್ರೆಯ ಬುಟ್ಟಿ ಹೊತ್ತು ಬೀದಿಬೀದಿ ಸುತ್ತುವ ಇವರು ನಮ್ಮ ಮನೆಯ ಹಳೆಯ ಸೀರೆ ಪ್ಯಾಂಟುಗಳನ್ನು ಪಡೆದು ಡಬ್ಬಿಯನ್ನೋ ಬೇಸಿನ್ನನ್ನೋ ಕೊಡುತ್ತಾರೆ. ಆ ಬಟ್ಟೆ ಒಗೆದು, ಹೊಲಿದು, ಇಸ್ತ್ರಿಯಾಗಿ ಮತ್ತೊಂದು ಕಡೆ ಮಾರಾಟಕ್ಕೆ ಬರುತ್ತದೆ. ನಮ್ಮ ಮನೆಗಳಲ್ಲಿ ಇವರ ಜೊತೆ ಅರ್ಧ ಗಂಟೆ ಜಗಳವಾಡಿ ಒಂದು ಲೋಟ ಹೆಚ್ಚಿಗೆ ಕಿತ್ತುಕೊಳ್ಳುವುದನ್ನು ಜಾಣತನವೆಂದು ತಿಳಿಯುತ್ತೇವೆ. ಹಳೆಯ ವಸ್ತ್ರವನ್ನು ಬಡವರಿಗೆ ತಲುಪಿಸುವ ಕೆಲಸವನ್ನು ಸಭೆ ಸಮಾರಂಭವಿಲ್ಲದೆ ತಲೆಮಾರುಗಳಿಂದ ಮಾಡುತ್ತಿರುವವರು ಇವರೇ ಎಂಬುದು ನಮಗೆ ಹೊಳೆಯುವುದಿಲ್ಲ.

ಮೂರನೆಯದು ಸರ್ಕಾರ. 1976ರಲ್ಲಿ ಕೇಂದ್ರ ಸರ್ಕಾರವು ಜನತಾ ಬಟ್ಟೆ ಯೋಜನೆಯನ್ನು ಆರಂಭಿಸಿತು. ಸಹಾಯಧನದ ಬಲದಿಂದ ಕೈಮಗ್ಗದ ಅಗ್ಗದ ಸೀರೆ ಪಂಚೆಗಳು ಆಗ ಮಾರುಕಟ್ಟೆಗೆ ಬಂದವು. ತಂದೆಯವರ ಅಂಗಡಿಯಲ್ಲಿ ಹುಡುಗನಾಗಿ ಕುಳಿತಿದ್ದ ನನಗೆ ಜನತಾ ಸೀರೆ ಎಂಬ ಮಾತು ಚೆನ್ನಾಗಿ ನೆನಪಿದೆ. ಅದರಿಂದ ನೇಕಾರನಿಗೆ ಕೂಲಿ, ಬಡವನಿಗೆ ಬಟ್ಟೆ ಎರಡೂ ದೊರೆಯಬೇಕೆಂಬುದು ಉದ್ದೇಶವಾಗಿತ್ತು. ನಂತರದ ದಿನಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿ ಉಚಿತ ಸಮವಸ್ತ್ರ ಬಂದಿತು. ಆಗಸ್ಟ್ 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯು ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಎಂದು ಗೊತ್ತುಮಾಡಿತು. ಆ ಹಣ ಕೈಸೇರಿದ ವಾರಗಳಲ್ಲಿ ನನ್ನ ಅಂಗಡಿಗೆ ಬಂದ ಹೆಣ್ಣುಮಕ್ಕಳು ಕೊಂಡದ್ದು ಹೆಚ್ಚಾಗಿ ಮಕ್ಕಳ ಉಡುಪು, ಟವೆಲು, ಹೊದಿಕೆ. ತಮಗೆಂದು ಸೀರೆ ಕೇಳಿದವರು ಕಡಿಮೆ.

ಅವರು ಕೊಳ್ಳುವ ಅಗ್ಗದ ಕಂಬಳಿಯ ಕಥೆಯನ್ನೂ ಇಲ್ಲಿ ಹೇಳಬೇಕು. ಹರಿಯಾಣದ ಪಾಣಿಪತ್ತಿನಲ್ಲಿ ಹರಿದ ಉಣ್ಣೆಯ ಬಟ್ಟೆಗಳನ್ನು ಬಣ್ಣಕ್ಕನುಸಾರವಾಗಿ ಬೇರ್ಪಡಿಸಿ, ಗುಂಡಿ ಜಿಪ್ಪುಗಳನ್ನು ಕಿತ್ತು, ಮತ್ತೆ ನಾರಾಗಿ ಹಿಂಜಿ ನೂಲು ತೆಗೆಯುವ ದೊಡ್ಡ ಉದ್ಯಮವಿದೆ. ಪರದೇಶಗಳಿಂದಲೂ ಹಡಗುಗಟ್ಟಲೆ ಹಳೆಯ ಸ್ವೆಟರು ಕೋಟುಗಳು ಅಲ್ಲಿಗೆ ಬರುತ್ತವೆ. ಪ್ರಪಂಚದ ನಾನಾ ಕಡೆ ಭೂಕಂಪ, ಯುದ್ಧಗಳಲ್ಲಿ ನಿರಾಶ್ರಿತರಾದವರಿಗೆ ಹಂಚುವ ಕಂಬಳಿಗಳಲ್ಲಿ ಬಹುಪಾಲು ಒಂದು ಕಾಲದಲ್ಲಿ ಅಲ್ಲಿಂದಲೇ ಹೋಗುತ್ತಿತ್ತು. ಇನ್ನೊಂದು ಕಡೆ, ನಮ್ಮ ಹಾಸನದ ಕೈಗಾರಿಕಾ ಪ್ರದೇಶದಲ್ಲಿಯೇ ತಯಾರಾಗುವ ಉತ್ತಮ ಹತ್ತಿಯ ಹಾಸಿಗೆ ಹೊದಿಕೆಗಳು ಕಡಲು ದಾಟಿ ಹೋಗುತ್ತವೆ. ಇಲ್ಲಿಯ ಹೊಸ ದುಪ್ಪಟಿ ಅಲ್ಲಿಗೆ, ಅಲ್ಲಿಯ ಹರಿದ ಉಣ್ಣೆ ಇಲ್ಲಿಗೆ. ವ್ಯಾಪಾರದ ನಿಯಮಕ್ಕೆ ಇದು ಒಪ್ಪಿಗೆಯಾಗಬಹುದು. ಆದರೆ ಜಗತ್ತಿನಲ್ಲಿ ವಸ್ತ್ರದ ಕೊರತೆ ಇಲ್ಲ, ಹಂಚಿಕೆಯ ಕೊರತೆ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಮೂಲ ಪ್ರಶ್ನೆ. ಬಟ್ಟೆ ಪಾತ್ರೆಗಳನ್ನು ಅಗತ್ಯವಿದ್ದವರಿಗೆ ಪುಕ್ಕಟೆಯಾಗಿ ಕೊಡುವುದು ಮೇಲೋ, ಅಲ್ಪ ಬೆಲೆಗೆ ಕೊಡುವುದು ಮೇಲೋ? ಹಾಸನದಲ್ಲಿರುವ ನನ್ನ ಷಡ್ಡಕರಿಗೂ ನನಗೂ ಈ ವಿಷಯದಲ್ಲಿ ವರ್ಷಗಟ್ಟಲೆ ವಾದ ನಡೆದಿದೆ. ಅವರ ವಾದ ಹೀಗೆ: “ಬೆಲೆ ತೆಗೆದುಕೊಂಡ ಮೇಲೆ ಅದು ವ್ಯಾಪಾರ. ಹತ್ತು ರೂಪಾಯಿ ಆದರೂ ವ್ಯಾಪಾರವೇ. ನಿಮಗೆ ಅಂಗಡಿ ಬುದ್ಧಿ ಬಿಡುವುದಿಲ್ಲ ಭಾವ. ಲೋಭ ಕಷಾಯವನ್ನು ಕರಗಿಸುವುದಕ್ಕೆ ಅಲ್ಲವೇ ದಾನ ಇರುವುದು? ಹತ್ತು ರೂಪಾಯಿಗೂ ಗತಿ ಇಲ್ಲದವನನ್ನು ಬಾಗಿಲಲ್ಲಿ ನಿಲ್ಲಿಸುತ್ತೀರಾ?”

ನನ್ನ ವಾದ ಬೇರೆಯಾಗಿತ್ತು. ಬೆಲೆಯು ಪಡೆಯುವವನಿಗೆ ಒಂದು ರಕ್ಷೆ. ಹತ್ತು ರೂಪಾಯಿ ಕೊಟ್ಟವನು ಅಂಗಿಯನ್ನು ತಿರುಗಿಸಿ ನೋಡುತ್ತಾನೆ, ಗುಂಡಿ ಎಣಿಸುತ್ತಾನೆ, ಬೇಡವೆನ್ನುತ್ತಾನೆ. ಪುಕ್ಕಟೆ ಪಡೆಯುವವನಿಗೆ ಬೇಡವೆನ್ನುವ ಅಧಿಕಾರವನ್ನು ನಾವು ಕೊಟ್ಟಿರುವುದಿಲ್ಲ. ಕೊಟ್ಟದ್ದನ್ನು ಪಡೆದು ಕೈಮುಗಿಯಬೇಕು, ಇಲ್ಲವಾದರೆ ಸೊಕ್ಕಿನವನೆನಿಸಿಕೊಳ್ಳುತ್ತಾನೆ. ವರ್ತಕರ ಲೆಕ್ಕದಲ್ಲಿಯೂ ಒಂದು ತೊಡಕಿದೆ. ಜುಲೈ 2017ರಿಂದ ಜಾರಿಯಲ್ಲಿರುವ ಜಿ.ಎಸ್.ಟಿ. ಕಾನೂನಿನ ಪ್ರಕಾರ, ಮಾರಾಟಕ್ಕೆಂದು ತಂದ ಸರಕನ್ನು ಉಚಿತವಾಗಿ ಕೊಟ್ಟುಬಿಟ್ಟರೆ ಅದರ ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ದೊರೆತ ಜಮೆಯನ್ನು ವರ್ತಕನು ಹಿಂದಿರುಗಿಸಬೇಕು. ಆದಾಯ ತೆರಿಗೆಯಲ್ಲಿ ದಾನಕ್ಕೆಂದು ಇರುವ ವಿನಾಯಿತಿಯೂ ವಸ್ತುರೂಪದ ದಾನಕ್ಕೆ ಅನ್ವಯಿಸುವುದಿಲ್ಲ. ಆದುದರಿಂದ ಉಳಿದ ಸರಕನ್ನು ಅತ್ಯಲ್ಪ ಬೆಲೆಗೆ ಕೊಡುವುದು ಅನೇಕ ಸಣ್ಣ ವರ್ತಕರಿಗೆ ಸುಲಭವಾದ ದಾರಿ. ಇದನ್ನು ದಾನವೆನ್ನದಿದ್ದರೂ ಉಪಕಾರವೆನ್ನಬಹುದಲ್ಲವೇ?

ಮೂರನೆಯ ಮಾರ್ಗವೊಂದನ್ನು ಹಿಡಿದವರೂ ಇದ್ದಾರೆ. ಅಂಶು ಗುಪ್ತಾ ಅವರು 1999ರಲ್ಲಿ ದೆಹಲಿಯಲ್ಲಿ ಆರಂಭಿಸಿದ ‘ಗೂಂಜ್’ ಸಂಸ್ಥೆಯು ನಗರಗಳ ಹಳೆಯ ಬಟ್ಟೆಯನ್ನು ಸಂಗ್ರಹಿಸಿ ಹಳ್ಳಿಗಳಿಗೆ ಒಯ್ಯುತ್ತದೆ. ಆದರೆ ಹಾಗೆಯೇ ಹಂಚುವುದಿಲ್ಲ. ಹಳ್ಳಿಯವರು ತಮಗೆ ಬೇಕಾದ ಬಾವಿ, ರಸ್ತೆ, ಕಾಲುಸಂಕಗಳಂತಹ ಕೆಲಸವೊಂದನ್ನು ತಾವೇ ಗೊತ್ತುಮಾಡಿ ಮುಗಿಸುತ್ತಾರೆ. ಅದಕ್ಕೆ ಗೌರವವಾಗಿ ಬಟ್ಟೆ ಮತ್ತು ಗೃಹೋಪಯೋಗಿ ವಸ್ತುಗಳು ದೊರೆಯುತ್ತವೆ. ಈ ಕಾರ್ಯಕ್ಕಾಗಿ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಹೆಂಗಸರ ಮುಟ್ಟಿನ ದಿನಗಳಿಗೆ ಬೇಕಾದ ಶುದ್ಧವಾದ ಹತ್ತಿ ಬಟ್ಟೆಯ ಕೊರತೆಯನ್ನು ಬಹಿರಂಗವಾಗಿ ಎತ್ತಿ ಆಡಿದವರಲ್ಲಿಯೂ ಇವರು ಮುಖ್ಯರು. ನಮ್ಮಲ್ಲಿ ಹಿರಿಯರು ಬಾಯಿಬಿಟ್ಟು ಹೇಳಲು ಸಂಕೋಚಪಡುವ ವಿಷಯವಿದು. ಆದರೆ ವೇದಿಕೆಯಿಂದ ಸೀರೆ ಹಂಚುವ ಯಾವ ಸಮಿತಿಗೂ ಈ ಅಗತ್ಯ ಕಾಣುವುದಿಲ್ಲವೆಂದರೆ, ಸಮಿತಿಯಲ್ಲಿ ಹೆಣ್ಣುಮಕ್ಕಳಿಲ್ಲವೆಂದೇ ಅರ್ಥ.

ಈ ಎಲ್ಲವನ್ನೂ ತೂಗಿ ನೋಡಿದ ಮೇಲೆ ಷಡ್ಡಕರೂ ನಾನೂ ಅರ್ಧ ಅರ್ಧ ಸೋತಿದ್ದೇವೆಂದು ನನಗನ್ನಿಸಿದೆ. ಪ್ರಶ್ನೆ ಬೆಲೆಯದಲ್ಲ, ಆಯ್ಕೆಯದು. ಬೇಕಾದುದನ್ನು ಆರಿಸಿಕೊಳ್ಳುವ, ಬೇಡವಾದುದನ್ನು ಬಿಡುವ ಅವಕಾಶವಿದ್ದರೆ ಪುಕ್ಕಟೆ ಪಡೆದರೂ ಮನುಷ್ಯನು ಕುಗ್ಗುವುದಿಲ್ಲ. ಆ ಅವಕಾಶವಿಲ್ಲದಿದ್ದರೆ ಹಣ ಕೊಟ್ಟರೂ ಕುಗ್ಗುತ್ತಾನೆ. ಸಾಲದ ಲೆಕ್ಕವಿಟ್ಟು ಬೇಡದ ಸರಕನ್ನು ಗಿರಾಕಿಯ ತಲೆಗೆ ಕಟ್ಟುವ ವರ್ತಕರನ್ನು ನಾವು ಕಂಡಿಲ್ಲವೇ? ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದತ್ತಿಯನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ದುಃಖಿಗಳಿಗೆ ಅನುಕಂಪದಿಂದ ಮಾಡುವುದು ದಯಾದತ್ತಿ. ಆಚಾರದಲ್ಲಿ ತನಗೆ ಸಮಾನರಾದವರಿಗೆ ಆದರದಿಂದ ಕೊಡುವುದು ಸಮದತ್ತಿ. ಬಡವರಿಗೆ ಬಟ್ಟೆ ಕೊಡುವುದು ದಯಾದತ್ತಿಯಲ್ಲಿ ಸೇರುತ್ತದೆ, ನಿಜ. ಆದರೆ ಅದರ ವಿಧಿಯನ್ನು ನಾವು ಸಮದತ್ತಿಯಿಂದ ಕಲಿಯಬೇಕೆಂಬುದು ನನ್ನ ನಮ್ರ ವಿಜ್ಞಾಪನೆ. ಹುಟ್ಟು ದಯೆಯಿಂದ, ನಡೆ ಸಮಾನತೆಯಿಂದ. ಮಗಳು ತವರಿಗೆ ಬಂದಾಗ ಬೀರು ತೆರೆದು, “ನಿನಗೆ ಯಾವುದು ಬೇಕೋ ತಗೋ ತಾಯಿ” ಎನ್ನುತ್ತೇವಲ್ಲ, ಆ ಧ್ವನಿ ಬೇಕು.

ಆಯ್ಕೆಯಿಲ್ಲದ ದಾನವು ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಡಿಸೆಂಬರ್ 2004ರ ಸುನಾಮಿ ನಿದರ್ಶನ. ದೇಶದ ಎಲ್ಲೆಡೆಯಿಂದ ತಮಿಳುನಾಡಿನ ಕರಾವಳಿಗೆ ಲಾರಿಗಟ್ಟಲೆ ಹಳೆಯ ಬಟ್ಟೆ ಹೋಯಿತು. ಮೀನುಗಾರರು ಅದನ್ನು ಮುಟ್ಟಲಿಲ್ಲ. ರಸ್ತೆಯ ಬದಿಯಲ್ಲಿ ರಾಶಿರಾಶಿಯಾಗಿ ಬಿದ್ದು ಹಾಳಾಯಿತು. ದುಡಿದು ತಿನ್ನುತ್ತಿದ್ದ ಜನ ಒಂದೇ ಬೆಳಿಗ್ಗೆ ಎಲ್ಲವನ್ನೂ ಕಳೆದುಕೊಂಡರೆಂಬ ಮಾತ್ರಕ್ಕೆ ಅಪರಿಚಿತರ ಹರಕು ಬಟ್ಟೆ ಉಡಬೇಕೆಂದು ನಾವೇಕೆ ಭಾವಿಸಬೇಕು? ನಮ್ಮ ನೆರೆಯ ಕೊಡಗಿನಲ್ಲಿ ಆಗಸ್ಟ್ 2018ರಲ್ಲಿ ಮಳೆ ಮತ್ತು ಭೂಕುಸಿತದಿಂದ ಅನಾಹುತವಾದಾಗ ನಾನೂ ಒಂದು ಗಾಡಿ ಸಾಮಾನು ಕಳಿಸಲು ಹೊರಟೆ. ಹಿಂದಿನ ಪಾಠ ನೆನಪಿತ್ತು; ಅಲ್ಲಿ ಸೇವೆಯಲ್ಲಿದ್ದ ಒಬ್ಬರನ್ನು ಮೊದಲು ದೂರವಾಣಿಯಲ್ಲಿ ವಿಚಾರಿಸಿದೆ. “ಹಳೇ ಬಟ್ಟೆ ಬೇಡಿ ಸಾರ್, ಇಡೋಕೆ ಜಾಗ ಇಲ್ಲ. ಹೊಸ ಒಳಉಡುಪು, ಟವೆಲು, ಬಕೆಟ್ಟು, ಚಾಪೆ, ಎರಡು ತಪ್ಪಲೆ ಒಂದು ಸೌಟು ಇರೋ ಹಾಗೆ ಕಟ್ಟು ಮಾಡಿ ಕಳಿಸಿ” ಎಂದರು. ಕೇಳಿ ಕೊಡುವುದಕ್ಕೂ ಕೇಳದೆ ಕೊಡುವುದಕ್ಕೂ ಇರುವ ಅಂತರ ಒಂದು ದೂರವಾಣಿ ಕರೆ ಮಾತ್ರ.

ಇನ್ನು ನಮ್ಮ ಟ್ರಸ್ಟುಗಳು ಏನು ಮಾಡಬಹುದೆಂಬುದನ್ನು ಹೇಳಿ ಮುಗಿಸುತ್ತೇನೆ. ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ನಿಧಿ ಬೇಡ. ಬಸದಿಯ ಅಥವಾ ಸಮಾಜ ಭವನದ ಒಂದು ಕೊಠಡಿ ಸಾಕು. ಸಂತೆಯ ದಿನ ಮಧ್ಯಾಹ್ನ ಅದು ತೆರೆದಿರಲಿ. ಹಳ್ಳಿಯವರು ಊರಿಗೆ ಬರುವ ದಿನ ಅದೇ. ಬಂದ ಬಟ್ಟೆಯನ್ನು ಒಗೆದು, ಗುಂಡಿ ಹೊಲಿದು, ಅಳತೆಯ ಪ್ರಕಾರ ಗೂಟಕ್ಕೆ ತೂಗುಹಾಕಲಿ. ಹೊಲಿಗೆಯ ಕೆಲಸವನ್ನು ಊರಿನ ಒಬ್ಬ ಬಡ ದರ್ಜಿಗೆ ಕೂಲಿ ಕೊಟ್ಟು ವಹಿಸಿದರೆ ಅದೂ ಒಂದು ಉಪಕಾರ. ನಮ್ಮ ಮನೆಯವರೇ ಹಾಕಿಕೊಳ್ಳಲಾರದಂಥದ್ದು ಒಳಗೆ ಬರಬಾರದು. ಅದು ಒರೆಸುವ ಬಟ್ಟೆಯಾಗಿ ಹೋಗಲಿ. ಒಳಉಡುಪು, ಹೆಂಗಸರ ಹತ್ತಿ ಬಟ್ಟೆ, ಕೂಸಿನ ಬಟ್ಟೆಗಳನ್ನು ಹೊಸದಾಗಿಯೇ ಕೊಂಡು ಇಡಬೇಕು. ಕಂಬಳಿ ಸ್ವೆಟರುಗಳನ್ನು ಕಾರ್ತಿಕದ ಒಳಗೆ ಸಿದ್ಧಪಡಿಸಬೇಕು, ಚೈತ್ರದಲ್ಲಲ್ಲ.

ಬೆಲೆಯ ವಿಷಯದಲ್ಲಿ ನನ್ನ ಸಲಹೆ ಇದು. ಬಾಗಿಲ ಬಳಿ ಒಂದು ಮುಚ್ಚಿದ ಹುಂಡಿ ಇರಲಿ. ಹತ್ತೋ ಇಪ್ಪತ್ತೋ ಹಾಕುವವರು ಹಾಕಲಿ, ಹಾಕಲಾರದವರು ಹಾಗೆಯೇ ಹೋಗಲಿ; ಯಾರು ಹಾಕಿದರು ಯಾರು ಹಾಕಲಿಲ್ಲ ಎಂಬುದನ್ನು ನೋಡುವ ಜಾಗದಲ್ಲಿ ಯಾರೂ ಕುಳಿತಿರಬಾರದು. ಸರಕಿನ ಲೆಕ್ಕ ಇರಲಿ, ಪಡೆದವರ ಹೆಸರಿನ ಪಟ್ಟಿ ಬೇಡ, ಛಾಯಾಚಿತ್ರವಂತೂ ಬೇಡವೇ ಬೇಡ. ಆ ಕೊಠಡಿಗೆ ನಮ್ಮವರು, ಇತರರು ಎಂಬ ಭೇದವೂ ಸಲ್ಲದು. ನಮ್ಮ ಸಮಾಜದಲ್ಲಿಯೇ ಹೊರಗೆ ಹೇಳಿಕೊಳ್ಳಲಾರದೆ ಕಷ್ಟಪಡುವ ಮನೆಗಳಿವೆ. ಎಲ್ಲರಿಗೂ ತೆರೆದ ಬಾಗಿಲಾದರೆ ಮಾತ್ರ ಅವರೂ ನಾಚದೆ ಒಳಗೆ ಬರಬಲ್ಲರು.

ಪಾತ್ರೆಗಳ ವಿಷಯದಲ್ಲಿ ನಮ್ಮ ಹಿರಿಯರು ತೋರಿಸಿದ ದಾರಿಯೇ ಇದೆ. ಮದುವೆ ಮುಂಜಿಗಳಿಗೆ ದೇವಸ್ಥಾನದ ಕೊಳಗ, ಹಂಡೆ, ಜಮಖಾನಗಳನ್ನು ಒಯ್ದು ಬೆಳಗಿ ಹಿಂದಿರುಗಿಸುವ ಪದ್ಧತಿ ಎಷ್ಟು ಊರುಗಳಲ್ಲಿಲ್ಲ? ನೂರು ಮನೆಗೆ ನೂರು ಕೊಳಗ ಬೇಡ, ಒಂದು ಸಾಕು ಎಂಬ ಆ ಬುದ್ಧಿಯೇ ಅಪರಿಗ್ರಹ. ಬಾಣಂತಿಯ ಮನೆಗೆ ತೊಟ್ಟಿಲು, ಕಾಲು ಮುರಿದವರಿಗೆ ಊರುಗೋಲು, ಹಾಸಿಗೆ ಹಿಡಿದ ವೃದ್ಧರಿಗೆ ಮಂಚ ಇವುಗಳನ್ನೂ ಹಾಗೆಯೇ ಎರವಲು ಕೊಡಬಹುದು. ಸಮಂತಭದ್ರ ಸ್ವಾಮಿಗಳು ದಾನಗಳನ್ನು ಹೇಳುವಾಗ ಆಹಾರ, ಔಷಧಗಳ ಜೊತೆ ಉಪಕರಣ, ಆವಾಸಗಳನ್ನು ಎಣಿಸಿರುವುದನ್ನು ಇಲ್ಲಿ ನೆನೆಯಬಹುದು. ಅವರು ಹೇಳಿದ್ದು ಸಂಯಮಿಗಳ ಸೇವೆಯನ್ನು ಕುರಿತು. ಗೃಹಸ್ಥರ ಪರಸ್ಪರ ಉಪಕಾರಕ್ಕೂ ಅದು ಬೆಳಕಾಗಬಾರದೇಕೆ?

ಹೊರಗಿನವರ ಪ್ರಯತ್ನಗಳನ್ನು ಕಂಡು ಕಲಿಯುವುದಕ್ಕೂ ಸಂಕೋಚ ಬೇಡ. 2015ರ ಚಳಿಗಾಲದಲ್ಲಿ ಇರಾನಿನ ಮಶ್ಹದ್ ನಗರದಲ್ಲಿ ಯಾರೋ ಒಂದು ಗೋಡೆಗೆ ಮೊಳೆ ಹೊಡೆದು, ಬೇಡವಾದದ್ದನ್ನು ಇಲ್ಲಿ ಬಿಡಿ, ಬೇಕಾದವರು ಒಯ್ಯಿರಿ ಎಂಬರ್ಥದ ಮಾತು ಬರೆದರು. ಕರುಣೆಯ ಗೋಡೆಯೆಂದು ಹೆಸರಾದ ಆ ರೂಢಿ ನಮ್ಮ ದೇಶದ ಅನೇಕ ಊರುಗಳಿಗೂ ಹಬ್ಬಿತು. ಮೇ 2023ರಲ್ಲಿ ದೇಶದ ನಗರ ಸ್ಥಳೀಯ ಸಂಸ್ಥೆಗಳು ಹಳೆಯ ಬಟ್ಟೆ, ಪುಸ್ತಕ, ಪಾತ್ರೆಗಳನ್ನು ಪಡೆದು ಮರುಬಳಕೆಗೆ ಕೊಡುವ ಕೇಂದ್ರಗಳನ್ನು ತೆರೆಯಬೇಕೆಂದು ಕೇಂದ್ರ ಸರ್ಕಾರವು ಅಭಿಯಾನವನ್ನೇ ನಡೆಸಿತು. ಇಂತಹ ಗೋಡೆಗಳೂ ಕೇಂದ್ರಗಳೂ ನೋಡಿಕೊಳ್ಳುವವರಿಲ್ಲದೆ ಕೆಲವು ತಿಂಗಳಲ್ಲಿ ಕಸದ ರಾಶಿಯಾಗುವುದುಂಟು. ಗೋಡೆ ಕಟ್ಟುವುದು ಸುಲಭ, ಪ್ರತಿವಾರ ಬಂದು ಗುಂಡಿ ಹೊಲಿಯುವುದು ಕಷ್ಟ. ನಿತ್ಯ ನಿಯಮಗಳಿಗೆ ಒಗ್ಗಿದ ಶ್ರಾವಕ ಶ್ರಾವಿಕೆಯರಿಗೆ ಆ ಕಷ್ಟ ಹೊರೆಯಾಗಲಾರದು.

ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗುಳ್ಳಕಾಯಜ್ಜಿಯ ಕಥೆಯನ್ನು ಕೇಳದವರಿಲ್ಲ. ಚಾವುಂಡರಾಯನು ಕೊಡಗಟ್ಟಲೆ ಹಾಲು ಸುರಿಸಿದರೂ ಅದು ಬಾಹುಬಲಿ ಸ್ವಾಮಿಯ ನಾಭಿಯಿಂದ ಕೆಳಗಿಳಿಯಲಿಲ್ಲ. ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಪಾದದವರೆಗೂ ಹರಿಯಿತು. ಇಂದಿಗೂ ಆ ಅಜ್ಜಿಯ ಮೂರ್ತಿ ಸ್ವಾಮಿಯ ಎದುರಿನಲ್ಲಿದೆ. ಅಲ್ಪವಾದರೂ ಭಕ್ತಿ ಮುಖ್ಯ ಎಂದು ಈ ಕಥೆಗೆ ನಾವು ಅರ್ಥ ಹೇಳುತ್ತೇವೆ. ನನಗೆ ಇನ್ನೊಂದು ಅರ್ಥವೂ ತೋರುತ್ತದೆ. ಹಮ್ಮಿನಿಂದ ಸುರಿದದ್ದು ಮೇಲೆಯೇ ನಿಂತುಬಿಡುತ್ತದೆ. ತಲುಪಬೇಕಾದ ಕೆಳಗಿನ ತುದಿಯನ್ನು ತಲುಪುವುದಿಲ್ಲ.

ಮುಂದಿನ ದಶಲಕ್ಷಣ ಪರ್ವದಲ್ಲಿ ಎಂಟನೆಯ ದಿನ ಉತ್ತಮ ತ್ಯಾಗ, ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ ಬರುತ್ತವೆ. ತ್ಯಾಗದ ದಿನ ಪ್ರತಿಯೊಂದು ಮನೆಯಲ್ಲಿಯೂ ಬೀರು ಟ್ರಂಕುಗಳನ್ನು ತೆರೆದು, ಒಂದು ವರ್ಷದಲ್ಲಿ ಒಮ್ಮೆಯೂ ಉಡದ ಬಟ್ಟೆ, ಒಮ್ಮೆಯೂ ಒಲೆ ಹತ್ತದ ಪಾತ್ರೆಗಳನ್ನು ಹೊರತೆಗೆಯೋಣ. ಒಳ್ಳೆಯದನ್ನು ಆರಿಸಿ, ಒಗೆದು, ಮಡಿಸಿ ಕೊಠಡಿಗೆ ಕಳಿಸೋಣ. ಮರುದಿನ, ಖಾಲಿಯಾದ ಆ ಜಾಗವನ್ನು ನೋಡಿ, ಇದು ಖಾಲಿಯಾಗಿಯೇ ಇರಲಿ ಎಂದು ಸಂಕಲ್ಪ ಮಾಡೋಣ. ಎರಡನೆಯ ಕೆಲಸವೇ ಹೆಚ್ಚು ಕಠಿಣ. ಬಟ್ಟೆ ಮಾರಿ ಜೀವನ ಮಾಡುವ ನಾನು ಇದನ್ನು ಹೇಳುವುದು ವಿಚಿತ್ರವೆನಿಸಿದರೂ ಹೇಳದೆ ಇರಲಾರೆ.

ಆ ಹೆಣ್ಣುಮಗಳು ಮತ್ತೆ ಕಟ್ಟಿಟ್ಟು ಹೋದ ದಾರ ನನ್ನ ಗದ್ದುಗೆಯ ಪೆಟ್ಟಿಗೆಯಲ್ಲಿ ಇನ್ನೂ ಇದೆ. ಯಾವುದಾದರೂ ಸಮಿತಿಯವರು ವಸ್ತ್ರದಾನದ ಚಂದಾ ಕೇಳಿಕೊಂಡು ಬಂದಾಗ ಮೊದಲು ಅದನ್ನು ನೋಡಿಕೊಳ್ಳುತ್ತೇನೆ, ಆಮೇಲೆ, “ಯಾರಿಗೆ, ಯಾ ಅಳತೆ, ಯಾವಾಗ?” ಎಂದು ಕೇಳುತ್ತೇನೆ. ನನ್ನ ಮಾತುಗಳಲ್ಲಿ ಶಾಸ್ತ್ರವಿರುದ್ಧವಾದದ್ದು ಏನಾದರೂ ಬಂದಿದ್ದರೆ ಬಲ್ಲವರು ತಿದ್ದಬೇಕೆಂದು ಬೇಡಿಕೊಳ್ಳುತ್ತೇನೆ.